ಪ್ರಫುಲ್ಲಾ ಮೇಡಮ್ಮರ ಜಿಲೇಬಿ ವಹಿ

ಕೋಥರೂಡ, ಪುಣೆ
೨೨ ಫೆಬ್ರುವರಿ ೨೦೨೫

ವಿಜಯಪುರದ ಕಾಲೇಜಿನ ನೂತನ ಉಪನ್ಯಾಸಕಿಯೂ ನನ್ನ ಕಿವಿ ಹಿಂಡುವ ಏಕಮಾತ್ರ ಹಕ್ಕುದಾರಳೂ ಆದ ನರ್ಮದಕ್ಕನ ಪಾದಗಳಿಗೆ, ತಮ್ಮ ಸಂಜುವಿನ ದೀರ್ಘದಂಡ ನಮಸ್ಕಾರಗಳು.

ನಾವೆಲ್ಲ ಆರಾಮ. ಅಪ್ಪನ ಸ್ಕೂಟರಿಗೆ ಮಾತ್ರ ಆರಾಮಿಲ್ಲ. ಸಂಕ್ರಾಂತಿಗೆ ನೀನು ಕುಸುರೆಳ್ಳಿನ ಡಬ್ಬಿಯೊಳಗೆ ಇಟ್ಟು ಕಳಿಸಿದ ಪತ್ರಕ್ಕೆ ಇವತ್ತು ಉತ್ತರ. ಕುಸುರೆಳ್ಳು ಎರಡು ದಿನಕ್ಕೆ ಖಾಲಿಯಾಯಿತು, ಉತ್ತರಕ್ಕೆ ಐದು ವಾರ ಹಿಡಿಯಿತು, ಕ್ಷಮಿಸು. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀ. ಫೋನು ಅವ್ವನ ಕಪಾಟಿನಲ್ಲಿದೆ, ಕೀಲಿ ಅವ್ವನ ಸೊಂಟದಲ್ಲಿದೆ. ನಡೆದದ್ದರಲ್ಲಿ ಫೋನಿನ ತಪ್ಪೇನೂ ಇಲ್ಲ. ಅವ್ವನಿಗೆ ಸಿಟ್ಟು ಬಂದಾಗ ಕೈಗೆ ಸಿಕ್ಕಿದ್ದು ಅದೊಂದೇ.

ನೀನೀಗ ಕಲಿಸುವವಳು, ಅದಕ್ಕೇ ಪುಸ್ತಕದ ಭಾಷೆಯಲ್ಲಿ ಬರೆಯುತ್ತಿದ್ದೇನೆ. ನಡುವೆ ಜಾರಿದರೆ ಕೆಂಪು ಪೆನ್ನು ತೆಗೀಬ್ಯಾಡ.

"ವಾರಕ್ಕೊಮ್ಮೆ ಆತ್ಮಾವಲೋಕನ ಬರೀರಿ ಅಂತ ನಮ್ಮ ಪ್ರಿನ್ಸಿಪಾಲರು ಗಂಟು ಬಿದ್ದಾರ, ಇದರಿಂದ ಏನರ ಉಪಯೋಗ ಅದನಪಾ?" ಅಂತ ನೀನು ಕೇಳಿದ್ದೆ. ನಮ್ಮ ಕಾಲೇಜಿನಲ್ಲೂ ಹೋದ ಜೂನ್‌ನಿಂದ ಅದೇ ವ್ರತ. ಪ್ರತಿ ಶನಿವಾರ ಪ್ರತಿಯೊಬ್ಬ ಅಧ್ಯಾಪಕರೂ ಒಂದು ಪುಟ ಬರೆಯಬೇಕು: ಏನು ಕಲಿಸಿದೆ, ಎಲ್ಲಿ ಎಡವಿದೆ, ಮುಂದಿನ ವಾರ ಏನು ಬದಲಿಸುತ್ತೇನೆ. ಹೆಚ್ಚಿನವರು ಹೋದ ವಾರದ ಪುಟಕ್ಕೇ ತಾರೀಖು ಬದಲಿಸುತ್ತಾರೆ. ನಾವು ಹುಡುಗರು ಮಾಡಿದರೆ ಅದು ಕಾಪಿ, ಅವರು ಮಾಡಿದರೆ ಅವಲೋಕನ.

ಅರ್ಥಶಾಸ್ತ್ರದ ಪ್ರಫುಲ್ಲಾ ಮೇಡಂ ಮಾತ್ರ ನಿಜವಾಗಿಯೂ ಬರೆಯುತ್ತಿದ್ದರು. ಅದೂ ಕನ್ನಡದಲ್ಲಿ! ಧಾರವಾಡದ ಕಡೆಯವರು. ಇಡೀ ಕಾಲೇಜಿನಲ್ಲಿ ಓದಬಲ್ಲವರು ಯಾರೂ ಇಲ್ಲ ಅನ್ನುವ ಧೈರ್ಯದಿಂದ ಆ ವಹಿಯನ್ನು, ಅಂದರೆ ನೋಟುಪುಸ್ತಕವನ್ನು, ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದರು. ಪ್ರಾಚಾರ್ಯರು ಪುಟ ತುಂಬಿದೆಯೋ ಇಲ್ಲವೋ ಅಷ್ಟೇ ನೋಡುತ್ತಿದ್ದರು. ಕನ್ನಡದ ದುಂಡು ಅಕ್ಷರ ನೋಡಿ ನಮ್ಮ ಹುಡುಗರು ಅದಕ್ಕೆ 'ಜಿಲೇಬಿ ವಹಿ' ಅಂತ ಹೆಸರಿಟ್ಟಿದ್ದರು.

ನಾನು? ನಾನು ಪಾಟೀಲ. ಪಾಟೀಲ ಅಂದರೆ ಮರಾಠಿಗೂ ನಡೆಯುತ್ತದೆ, ಕನ್ನಡಕ್ಕೂ ನಡೆಯುತ್ತದೆ. ಮೊದಲ ವರ್ಷ ಮೇಡಂ "ಕುಠಲೇ ಪಾಟೀಲ?" ಅಂತ ಊರು ಕೇಳಿದಾಗ "ಕೋಥರೂಡಚಾ" ಅಂದುಬಿಟ್ಟಿದ್ದೆ, ಕೋಥರೂಡದವನು ಅಂತ. ಸುಳ್ಳಲ್ಲ ನೋಡು. ಅಂದಿನಿಂದ ಅವರು ಬೋರ್ಡಿನ ಕಡೆ ತಿರುಗಿ "ಶಿವನೇ, ಈ ಕತ್ತಿಗೋಳಿಗೆ ಹ್ಯಾಂಗ ತಿಳಿಸ್ಲಿ" ಅಂತ ಗೊಣಗುವ ಸುಖವನ್ನು ನಾನೊಬ್ಬನೇ ಅನುಭವಿಸುತ್ತಾ ಬಂದೆ.

ಹತ್ತನೇ ತಾರೀಖು, ಸೋಮವಾರ. ಪ್ರಾಚಾರ್ಯರು ಕರೆದರೆಂದು ಮೇಡಂ ಹೊರಗೆ ಹೋದರು. ನಾನು ಎದ್ದು ಹೋಗಿ, ಕರವಸ್ತ್ರವನ್ನು ಶಾಲಿನಂತೆ ಹೆಗಲಿಗೆ ಹಾಕಿ, ವಹಿಗೆ ಕೈಮುಗಿದು, "ಭಕ್ತಜನರೇ, ಇಂದು ಜಿಲೇಬಿ ಪುರಾಣ" ಅಂತ ಮರಾಠಿಯಲ್ಲಿ ಘೋಷಿಸಿದೆ. ಸುಮ್ಮನೆ ನಾಟಕ ಮಾಡುತ್ತಿದ್ದಾನೆ ಅಂದುಕೊಂಡರು. ನಾನು ನಿಜಕ್ಕೂ ಓದಿದೆ. ಒಂದು ಸಾಲು ಕನ್ನಡ, ಬೆನ್ನಿಗೇ ಅದರ ಮರಾಠಿ. ನೀನು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ತಿದ್ದಿಸಿದ ಅಕ್ಷರಗಳಕ್ಕಾ, ಒಂದೂ ತಪ್ಪಲಿಲ್ಲ.

"ಬೇಡಿಕೆ-ಪೂರೈಕೆ ಪಾಠ ಬ್ಯಾಸರ ಆತು. ಹದಿನೈದನೇ ನಿಮಿಷಕ್ಕ ಪಾಟೀಲ ಬೆಕ್ಕಿನಂಗ ಕೂಗಿದ. ಅಂವ ಕೂಗಿದ್ದು ತಪ್ಪಲ್ಲ, ನಾ ಉದಾಹರಣೆ ಕೊಡೂದು ಮರ್ತಿದ್ದೆ."

ವರ್ಗವೆಲ್ಲ ಬೆಂಚು ಬಡಿದು ನಕ್ಕಿತು. ನಾನು ತಲೆಬಾಗಿ ಸ್ವೀಕರಿಸಿದೆ. ಅದೇ ಅಮಲಿನಲ್ಲಿ ಮುಂದೆ ಓದಿದೆ:

"ಮೌಖಿಕ ಪರೀಕ್ಷೆಯೊಳಗ ದೀಪಾಲಿ ಸುಮ್ನ ನಿಂತಳು. ಸೊಕ್ಕು ಅಂತ ತಿಳಿದು ಅಂಕ ಕಡಿಮಿ ಹಾಕಿದೆ. ನಿನ್ನೆ ಅಕೀ ಎಡಕ್ಕ ನಿಂತು ಕೇಳಿದರ ಪಟಪಟ ಹೇಳಿದಳು. ಬಲಗಿವಿ ಕೇಳೂದಿಲ್ಲಂತ. ತಪ್ಪು ನಂದು. ಇನ್ನ ಎಡಕ್ಕ ನಿಂತು ಪಾಠ ಮಾಡಬೇಕು."

ಬಾಯಿ ಅದನ್ನೆಲ್ಲ ಮರಾಠಿ ಮಾಡಿ ಮುಗಿಸಿತ್ತು. ಆಮೇಲೆ ಕಣ್ಣು ಮುಂದಿನ ಸಾಲಿಗೆ ಬಿತ್ತು: "ಯಾರಿಗೂ ಹೇಳಬ್ಯಾಡ್ರಿ ಅಂತ ನನ್ನ ಕೈ ಹಿಡಕೊಂಡಳು."

ನಲವತ್ತು ತಲೆಗಳು ಒಮ್ಮೆಗೇ ಎರಡನೇ ಬೆಂಚಿನ ಕಡೆ ತಿರುಗಿದವು. ದೀಪಾಲಿಗೆ ಕೇಳಿಸಿರಲಿಲ್ಲ. ನಗುವಿನ ಗದ್ದಲ, ಮೇಲಾಗಿ ನಾನು ನಿಂತದ್ದು ಅವಳ ಬಲಕ್ಕೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಏನೋ ತಮಾಷೆ ಇರಬೇಕು ಅಂತ ಅವಳೂ ನಕ್ಕಳು. ನಗುತ್ತಲೇ ಪಕ್ಕದವಳನ್ನು "ಕಾಯ್ ಝಾಲಂ?" ಅಂತ ಕೇಳಿದಳು, ಏನಾಯಿತು ಅಂತ. ಪಕ್ಕದವಳು ತಲೆ ತಗ್ಗಿಸಿದಳು. ಆಗ ದೀಪಾಲಿ ನನ್ನ ಕೈಯಲ್ಲಿದ್ದ ವಹಿ ನೋಡಿದಳು. ಬ್ಯಾಗು ತೆಗೆದುಕೊಂಡು ಎದ್ದಳು. ಬಾಗಿಲಲ್ಲಿ ಮೇಡಂ ಎದುರಾದರು; ಅವರ ಮುಖವನ್ನೂ ನೋಡದೆ ಹೋದಳು.

"ತಪ್ಪಾತ್ರಿ ಮೇಡಂ" ಅಂದೆ. ಕನ್ನಡದಲ್ಲಿ.

ಬಯ್ಯುತ್ತಾರೆ ಅಂದುಕೊಂಡಿದ್ದೆ. "ನೀ ಕನ್ನಡದಾಂವೇನು?" ಅಂದರು, ಸಾವಿನ ಸುದ್ದಿ ಕೇಳಿದವರ ಹಾಗೆ.

"ಹೌದ್ರಿ."

"ಎರಡು ವರ್ಷದಿಂದ?"

ಹೌದೆಂದು ತಲೆಯಾಡಿಸಿದೆ. ಮೇಡಂ ನನ್ನ ಕೈಯಿಂದ ವಹಿ ತೆಗೆದುಕೊಂಡು ಅಂದರು, "ಇದರಾಗ ನಾ ನನ್ನ ತಪ್ಪು ಬರಕೊಂಡಿದ್ನೋ. ನೀ ಅಕೀ ಗುಟ್ಟು ಓದಿ ಹೇಳಿದಿ."

ಮರುದಿನ ಖಡಕಿ ಬಡಾವಣೆಗೆ, ದೀಪಾಲಿಯ ಅಪ್ಪನ ಕ್ವಾರ್ಟರ್ಸಿಗೆ ಹೋದೆ. ಅವಳ ತಾಯಿ ಬಾಗಿಲು ಅರ್ಧ ತೆರೆದು, ದೀಪಾಲಿ ಮನೆಯಲ್ಲಿಲ್ಲ ಅಂದರು. ಹೊಸ್ತಿಲ ಹತ್ತಿರ ಅವಳ ನೀಲಿ ಪಟ್ಟಿಯ ಚಪ್ಪಲಿ ಇದ್ದವು. ಕ್ಷಮೆಯನ್ನು ಆ ಚಪ್ಪಲಿಗೇ ಹೇಳಿ ಬಂದೆ. ಆಮೇಲೂ ಎರಡು ಸಲ ಹೋದೆ. ಹನ್ನೆರಡು ದಿನವಾಯಿತು, ಕಾಲೇಜಿಗೆ ಬಂದಿಲ್ಲ. ಪರೀಕ್ಷೆ ಏಪ್ರಿಲಿನಲ್ಲಿ. ಮನೆಯವರು ಕಾಲೇಜಿನಿಂದ ಹೆಸರು ತೆಗೆಸುತ್ತಾರಂತೆ ಅಂತ ಹುಡುಗಿಯರು ಹೇಳುತ್ತಾರೆ.

ಮೇಡಂ ಈಗಲೂ ಎಡಕ್ಕೇ ನಿಂತು, ಆ ಖಾಲಿ ಜಾಗದ ಕಡೆ ನೋಡಿ ಪಾಠ ಮಾಡುತ್ತಾರೆ. ವಹಿಯಲ್ಲಿ ಈಗ ಇಂಗ್ಲಿಷಿನ ಒಂದೇ ಸಾಲು ಇರುತ್ತದೆ: ಪಾಠ ಯಥಾಪ್ರಕಾರ ಮುಗಿಯಿತು. ನಾನು ಬೆಕ್ಕಿನಂತೆ ಕೂಗುವುದನ್ನೂ ಬಿಟ್ಟಿದ್ದೇನೆ. ಪಾಠ ಎಲ್ಲಿ ಕೆಟ್ಟಿತು ಅಂತ ಅವರಿಗೆ ಹೇಳುವವರೇ ಇಲ್ಲ.

ಉಪಯೋಗ ಅದ ಅಕ್ಕಾ. ಬರಿ. ಆದರೆ ಮನೆಯಲ್ಲಿ ಕೂತು ಬರಿ, ಮಕ್ಕಳ ಹೆಸರು ಹಾಕಬೇಡ, ಓದಲು ಬಾರದವನು ಅಂತ ಯಾವ ಪಾಟೀಲನನ್ನೂ ನಂಬಬೇಡ.

ಸಣ್ಣವನಾಗಿಯೂ ಆಶೀರ್ವಾದ ಮಾಡುತ್ತಿದ್ದೇನೆ, ನಗಬೇಡ: ನಿನ್ನ ವರ್ಗದಲ್ಲಿ ಬೆಕ್ಕುಗಳು ತುಂಬಿರಲಿ, ನನ್ನಂಥಾದ್ದು ಒಂದೂ ಇರದಿರಲಿ.

ನಿನ್ನ ತಮ್ಮ,
ಸಂಜು

ತಾ.ಕ.: ಒಂದು ಮುಚ್ಚಿಟ್ಟಿದ್ದೆ. ಆ ಪುಟದಾಗ ಕೆಳಗ ಇನ್ನೊಂದು ಸಾಲಿತ್ತು. "ಕರದರೂ ಹೊಳ್ಳಿ ನೋಡೂದಿಲ್ಲಂತ ಹುಡುಗರು ಅಕೀಗೆ ಮಹಾರಾಣಿ ಅಂತಾರ. ಅದನ್ನ ಕೇಳಿ ಕೇಳಿ ನಾನೂ ಸೊಕ್ಕಿನಾಕಿ ಅನ್ಕೊಂಡೆ." ಮೇಡಂ 'ಹುಡುಗರು' ಅಂತ ಬರದಾರ. ಆ ಹೆಸರಿಟ್ಟಾಂವ ನಾನ ಅಕ್ಕಾ. ಒಂದೂವರಿ ವರ್ಷ ಅಕೀ ಹಿಂದಿನ ಬೆಂಚಿನ ಮ್ಯಾಲೆ, ಬಲಕ್ಕ ಕುಂತು ಕರದೀನಿ.