ಪ್ರಫುಲ್ಲಜ್ಜಿ ಬಿಟ್ಟ ಪದಕ

ಗಾಳಿಶಕೆ ಎಂಬತ್ತೊಂದು, ಹದಿನೈದನೆಯ ತಿಂಗಳು, ನಲವತ್ತನೆಯ ದಿನ.
ಕಪ್ಪತಗುಡ್ಡದ ಊರಿನಿಂದ.

ಗದಗಿನ ಪ್ರಫುಲ್ಲಾ ಬಡಿಗೇರ ಅವರಿಗೆ, ನಿಮ್ಮ ವಂಶದ ಶಿವಯೋಗಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾದಂತೆ ನಮ್ಮ ಹಿರಿಯರು ತಿಂಗಳುಗಳನ್ನೂ ಅವುಗಳ ದಿನಗಳನ್ನೂ ಹೆಚ್ಚಿಸಿಕೊಂಡರು. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮಗಿನ್ನೂ ಇಪ್ಪತ್ತೆಂಟು, ನನಗೆ ಐವತ್ತು ದಾಟಿದೆ. ಆದರೂ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ, ಹಾಗಾಗಿ ಅಜ್ಜಿ ಎಂದೇ ಕರೆಯುತ್ತೇನೆ. ಅದಕ್ಕೆ ಸಿಟ್ಟಾಗಬೇಡಿ, ಸಿಟ್ಟಾಗಲು ಬೇರೆ ಕಾರಣ ಕೊಡುವವನಿದ್ದೇನೆ. ಹಿಂದಿನವರಿಗೆ ಕಾಗದ ಒಯ್ಯುವ ಹಿನ್ನಂಚೆಯಲ್ಲಿ ಒಬ್ಬನಿಗೆ ಜೀವಮಾನದಲ್ಲಿ ಒಂದೇ ಪತ್ರ. ನನ್ನದನ್ನು ಒಂದು ಆಟದ ವಿಷಯಕ್ಕೆ ಖರ್ಚು ಮಾಡುತ್ತಿದ್ದೇನೆ.

ನಾವಿರುವುದು ಗುಡ್ಡದ ಇಳಿಜಾರಿನಲ್ಲಿ. ಬಿಸಿಗಾಳಿ ಎದ್ದರೆ ಗಂಟೆ ಬಾರಿಸುತ್ತಾರೆ. ಆಗ ಊರಿಗೆ ಊರೇ ಒಲೆ ಆರಿಸಿ, ಹಿಟ್ಟಿನ ಡಬ್ಬಿ, ನೀರಿನ ಕೊಡ, ಕೂಸುಗಳನ್ನೆಲ್ಲ ಎತ್ತಿಕೊಂಡು ಗವಿಗೆ ಇಳಿಯುತ್ತದೆ. ಗವಿಯ ಬಾಗಿಲು ಮುಚ್ಚಿದ ಮೇಲೆ ಹೊರಗುಳಿದವರು ಬದುಕುವುದಿಲ್ಲ. ಅದಕ್ಕೇ ನಮ್ಮಲ್ಲಿ ‘ಕಡೆಯಾಳು’ ಎಂಬ ಕೆಲಸವಿದೆ. ಕಡೆಯಾಳು ಮನೆಮನೆಗೂ ಹೋಗಿ, ಮಂಚದ ಕೆಳಗೂ ಇಣುಕಿ, ಯಾರೂ ಉಳಿದಿಲ್ಲ ಎಂದಾದ ಮೇಲೆ ತಾನು ಒಳಗೆ ಬಂದು ಬಾಗಿಲು ಹಾಕಬೇಕು. ಈ ಕೆಲಸ ನಮ್ಮ ಮನೆತನದ್ದು. ಅದು ನಮಗೆ ಬಂದದ್ದು ನೀವು ಆಡುವ ಜೊಂಬಿ ಆಟದಿಂದ.

ನಿಮ್ಮ ಫೋನು ಎಂದೋ ಸತ್ತಿತು, ಆಟ ಉಳಿಯಿತು. ಗವಿಯಲ್ಲಿ ದಿನ ಕಳೆಯಬೇಕಲ್ಲ, ಹಾಗಾಗಿ ಒಂದೊಂದು ಮನೆಯವರೂ ತಮ್ಮ ಹಿರಿಯರ ಆಟವನ್ನು ದೊಡ್ಡ ಗೋಡೆಯ ಮೇಲೆ ಮೂಡಿಸಿಕೊಂಡು ಆಡುತ್ತೇವೆ. ನೀವು ಅಚೀವ್‌ಮೆಂಟ್ ಅನ್ನುವುದನ್ನು ನಾವು ಪದಕ ಅನ್ನುತ್ತೇವೆ. ನಿಮ್ಮ ಆಟ ನನಗೆ ಬಾಯಿಪಾಠ: ಚೌಕಾಬಾರದಂಥ ಮನೆಗಳಿರುವ ಊರು, ನಾವೊಮ್ಮೆ ನಡೆದರೆ ಜೊಂಬಿಗಳೂ ಒಮ್ಮೆ ನಡೆಯುತ್ತವೆ. ಕಂಡಕ್ಟರು, ನರ್ಸು, ಇಬ್ಬರು ಮಕ್ಕಳು, ಆಡು ಹಿಡಿದ ಮುದುಕಿ, ಇಷ್ಟು ಜನರನ್ನೂ ಯೋಚಿಸಿ ಯೋಚಿಸಿ ಬಸ್ಸಿಗೆ ಮುಟ್ಟಿಸಬೇಕು. ನೀವು ಎಲ್ಲ ಪದಕ ಗೆದ್ದು ಒಂದನ್ನು ಮಾತ್ರ ಬಿಟ್ಟಿರಿ. ಅದರ ಹೆಸರು ‘ಒಂಟಿ ಸವಾರಿ’. ಉಳಿದವರನ್ನೆಲ್ಲ ಜೊಂಬಿಗಳ ಬಾಯಿಗೆ ಕೊಟ್ಟು ಕಂಡಕ್ಟರು ಒಬ್ಬನೇ ಬಸ್ಸು ಓಡಿಸಿಕೊಂಡು ಹೋದರೆ ಅದು ಸಿಗುತ್ತದೆ. ಯಾಕೆ ಬಿಟ್ಟಿರೋ ಯಾರಿಗೂ ಗೊತ್ತಿಲ್ಲ. ಗವಿ ಕೊರೆದ ವರ್ಷ ಹಿರಿಯರು ಆ ಖಾಲಿ ಜಾಗ ನೋಡಿ, “ಆಟದಾಗೂ ಒಬ್ಬರನ್ನೂ ಬಿಟ್ಟು ಬಂದಿಲ್ಲ ಈ ಮನಿಯವ್ರು, ಬಾಗಲಾ ಇವರ ಕೈಯಾಗ ಇರಲಿ” ಅಂದರಂತೆ. ನನ್ನ ತಾಯಿ ನೀಲವ್ವ ಮಂಡಿ ಸೋಲುವವರೆಗೂ ಕಡೆಯಾಳಾಗಿದ್ದಳು. ಈ ಬೇಸಿಗೆಗೆ ಆ ಕೆಲಸ ನನ್ನ ಮಗಳು ಬಸಂತಿಗೆ ಬರಬೇಕಿತ್ತು.

ನಡುವೆ ನಾನು, ಆಟಕ್ಕುಂಟು ಲೆಕ್ಕಕ್ಕಿಲ್ಲ. ನನ್ನ ಹೆಸರಿನಲ್ಲಿ ಒಂದು ಪದಕವೂ ಇರಲಿಲ್ಲ. ನೆರೆಮನೆಯ ಕೊಟ್ರಪ್ಪನ ಮನೆಯ ಪದಕಗಳ ಸಾಲು ತುಂಬಿದೆ. ಹೋದ ತಿಂಗಳು ಗವಿಯಲ್ಲಿ ಅವನು, “ನಿಮ್ಮ ಸಾಲು ನೋಡಿದ್ರ ಹಲ್ಲು ಬಿದ್ದ ಬಾಯಿ ನೋಡಿದಂಗ ಆಕ್ಕೈತಿ” ಎಂದು ಕಿಚಾಯಿಸಿದ. ನನಗೆ ಹಟ ಬಂತು. ಎಲ್ಲರ ಎದುರಿಗೇ ಕುಳಿತು ಆ ಪದಕ ತೆಗೆದೆ. ಕಷ್ಟವೇ ಆಗಲಿಲ್ಲ, ಅಜ್ಜಿ. ಎಲ್ಲರನ್ನೂ ಉಳಿಸಲು ತಲೆ ಕೆಡಿಸಿಕೊಳ್ಳಬೇಕು, ಬಿಡುವುದಕ್ಕೆ ಏನೂ ಬೇಡ. ಗೋಡೆ ಬೆಳಗಿತು, ನಾನು ಹಲ್ಲು ಕಿರಿಯುತ್ತ ತಿರುಗಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಿಚಾಯಿಸಿದ ಕೊಟ್ರಪ್ಪನೂ ಚೆಂಬು ಎತ್ತಿಕೊಂಡು ಆಚೆ ಹೋದ.

ಬಸಂತಿ ಬೈಯಲಿಲ್ಲ. “ಅಪ್ಪಾ, ಮೊದಲ ಯಾರನ್ನ ಬಿಟ್ಟಿ?” ಎಂದಷ್ಟೇ ಕೇಳಿದಳು. “ಆಡಿನ ಮುದುಕೀನ್ನ. ಆಕಿ ಸಲಕ್ಕ ಒಂದ ಮನಿ ಅಷ್ಟ ನಡೀತಾಳಲ್ಲ” ಅಂದೆ. ಯೋಚಿಸದೆಯೇ ಅಂದೆ. ನನ್ನ ತಾಯಿ ಅಲ್ಲೇ ಕೂತಿದ್ದಳು.

ಹಿರಿಯರು ಬಾಗಿಲನ್ನು ಬೇರೆ ಮನೆಗೆ ಕೊಟ್ಟರು. ಯಾವ ಮನೆಯಲ್ಲಿ ಯಾರು ಕಿವುಡರು, ಯಾವ ಕೂಸು ಹೆದರಿ ಎಲ್ಲಿ ಅಡಗುತ್ತದೆ ಎಂದು ಬಸಂತಿ ವರ್ಷಗಟ್ಟಲೆ ಕಲಿತಿದ್ದಳು. ಈಗ ಆ ಮನೆಯವರಿಗೆ ಅದನ್ನೆಲ್ಲ ಅವಳೇ ಹೋಗಿ ಹೇಳಿಕೊಟ್ಟು ಬರುತ್ತಾಳೆ. ನನಗೆ ಅವಳ ಮುಖ ನೋಡಲು ಆಗುತ್ತಿಲ್ಲ.

ಈ ಪತ್ರವನ್ನು ಮೊದಲು ಬೇರೆ ಥರ ಬರೆಯಲು ಕೂತಿದ್ದೆ. ಆ ಪದಕವನ್ನು ನೀವೇ ತೆಗೆದುಬಿಡಿ, ಆಗ ತಪ್ಪು ನನ್ನದಲ್ಲ, ಮೊದಲಿನಿಂದಲೂ ಇದ್ದದ್ದು ಅಂತಾಗುತ್ತದೆ ಎಂದು ಬೇಡಿಕೊಳ್ಳಲು ಹೊರಟಿದ್ದೆ. ಅರ್ಧ ಬರೆದ ಮೇಲೆ ಹೊಳೆಯಿತು: ನೀವು ತೆಗೆದರೆ ಬಾಗಿಲು ನಮಗೆ ಬರುವುದೇ ಇಲ್ಲ, ಬಿಸಿಗಾಳಿಯಲ್ಲಿ ನನ್ನ ತಾಯಿ ಹೊತ್ತು ತಂದವರು ಉಳಿಯುವುದಿಲ್ಲ, ಅವರ ಮಕ್ಕಳೂ ಇಲ್ಲ. ನನ್ನ ಮಾನ ಉಳಿಸಿಕೊಳ್ಳಲು ಅವರನ್ನೆಲ್ಲ ಬಿಡಲು ಎರಡನೆಯ ಸಲವೂ ತಯಾರಾಗಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಆದ್ದರಿಂದ ಅಜ್ಜಿ, ಅದನ್ನು ಹಾಗೇ ಬಿಟ್ಟುಬಿಡಿ. ಗೆಳತಿಯರು ಅಣಕಿಸುತ್ತಾರೆ, ಬೆರಳು ತುರಿಸುತ್ತದೆ, ಆದರೂ ಬೇಡ. ನೀವು ಬರೀ ಸೋಮಾರಿತನಕ್ಕೆ ಬಿಟ್ಟಿದ್ದರೂ ಚಿಂತೆಯಿಲ್ಲ.

ಮುಂದಿನ ಗಂಟೆ ಯಾವಾಗ ಬೇಕಾದರೂ ಮೊಳಗಬಹುದು. ನನ್ನ ತಾಯಿ ಈಗ ಕೋಲೂರಿ ನಡೆಯುತ್ತಾಳೆ. ಗವಿಯಿಂದ ಹೊರಬಂದ ದಿನವೇ ಅವಳು ಮನೆಯಿಂದ ತನ್ನ ಹಾಸಿಗೆ ಎತ್ತಿಸಿಕೊಂಡು ಹೋಗಿ ಗವಿಯ ಬಾಗಿಲಿಗೆ ಒತ್ತಿ ಹಾಸಿಕೊಂಡಳು. ದಿನಾ ಅಲ್ಲೇ ಮಲಗುತ್ತಾಳೆ. ಯಾಕವ್ವ ಎಂದು ಕೇಳಿದರೆ, “ಇಲ್ಲಿ ಗಾಳಿ ಚೊಲೊ ಬರತೈತಿ, ಯಪ್ಪಾ” ಅನ್ನುತ್ತಾಳೆ. ಅಲ್ಲಿ ಗಾಳಿ ಬರುವುದಿಲ್ಲ, ಅಜ್ಜಿ.

ಶಿವಯೋಗಿ