ಕಣ್ಣಿನ ಪರೀಕ್ಷೆಗೆ ಕನ್ನಡಕ ನಿಷಿದ್ಧ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನೇರವಾಗಿ ಹೇಳುತ್ತೇನೆ. ಕಣ್ಣಿನ ನರ ಪರೀಕ್ಷಿಸುವ ಕೊಠಡಿಯ ಬಾಗಿಲಿಗೆ ತಾವು ಸಹಿ ಹಾಕಿ ಅಂಟಿಸಿರುವ ‘ಕನ್ನಡಕ, ಆಭರಣ ಕಳಚಿ ಒಳಗೆ ಬನ್ನಿ’ ಎಂಬ ಸೂಚನೆಯಿಂದ ನನ್ನ ತಂಗಿಯ ತಲೆಗೆ ಶಸ್ತ್ರಚಿಕಿತ್ಸೆ ಆಗಿಬಿಡುತ್ತಿತ್ತು. ಆಗಲಿಲ್ಲ! ಆ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಪತ್ರದ ನಡುವೆ ನಗು ಕೇಳಿಸಿದರೆ ಮನ್ನಿಸಿ.

ಅವಳದು ತಲೆಬುರುಡೆಯೊಳಗೆ ನೀರಿನ ಒತ್ತಡ ಏರುವ ಕಾಯಿಲೆ. ಒತ್ತಡ ಕಣ್ಣಿನ ನರವನ್ನು ಅಮುಕಿದರೆ ದೃಷ್ಟಿಯೇ ಹೋದೀತು. ಆದ್ದರಿಂದ ತಲೆಗೆ ತಂತಿ ಅಂಟಿಸಿ, ಪರದೆಯ ಮೇಲೆ ಕಪ್ಪು-ಬಿಳಿ ಚೌಕಗಳನ್ನು ಅದಲುಬದಲು ಮಾಡುತ್ತಾ, ಕಂಡದ್ದು ವಿದ್ಯುತ್ ಸಂಕೇತವಾಗಿ ಮಿದುಳು ಮುಟ್ಟಲು ಎಷ್ಟು ಹೊತ್ತಾಯಿತೆಂದು ಅಳೆಯುತ್ತಾರೆ. ಕನ್ನಡಕವಿಲ್ಲದೆ ಚೌಕಗಳೇ ಮಸುಕಾಗಿ ಕಂಡರೆ ಸಂಕೇತ ತಡವಾಗದೆ ಇನ್ನೇನಾದೀತು? ಆ ಸೂಚನೆ ಲೋಹ ಒಯ್ಯಬಾರದ ಪಕ್ಕದ ಸ್ಕ್ಯಾನ್ ಕೊಠಡಿಯದು, ಅಲ್ಲಿ ಸರಿ. ‘ಏಕರೂಪತೆ’ಗಾಗಿ ತಾವು ಎಲ್ಲ ಬಾಗಿಲಿಗೂ ಅದನ್ನೇ ಅಂಟಿಸಿದಿರಿ. ಹಲ್ಲಿನ ವಿಭಾಗದಲ್ಲಿ ಬಾಯಿ ತೆರೆಯಬಾರದೆಂಬ ಆದೇಶ ಯಾವಾಗ ಬರುತ್ತದೆ?

ಮೊದಲ ವರದಿಯಲ್ಲಿ ಸಂಕೇತ ತಡ. ನರ ಸೋಲುತ್ತಿದೆ, ನೀರು ಇಳಿಸಲು ಕೊಳವೆ ಹಾಕಬೇಕು ಎಂದು ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಮತ್ತೊಮ್ಮೆ ಪರೀಕ್ಷೆ. ತಂಗಿ ಕುರ್ಚಿಗೆ ಬದಲು ಕಸದ ಬುಟ್ಟಿಯ ಮೇಲೆ ಕೂರಲು ಹೋದಳು.

“ಚೌಕದ ನಡುವಿನ ಚುಕ್ಕೆ ನೋಡ್ರಮ್ಮ,” ಎಂದರು ತಂತ್ರಜ್ಞೆ.

“ಅಕ್ಕಾ, ಚುಕ್ಕೆ ಹಾಗಿರಲಿ, ಟಿವಿ ಯಾವ ಗೋಡೆಗಿದೆ ಅಂತ ಹೇಳಿ ಸಾಕು!”

ಆಗಲೇ ಒಳಬಂದ ಕಣ್ಣಿನ ಡಾಕ್ಟರು ಹೌಹಾರಿದರು. “ಕನ್ನಡಕ ಎಲ್ಲಮ್ಮ?”

“ಅಣ್ಣನ ಜೇಬಲ್ಲಿ. ಇಲ್ಲಿಯ ರೂಲ್ಸಂತೆ ಮೇಡಂ.”

“ಹೋದ ಸಲಾನೂ ತೆಗೆದಿದ್ರಾ?”

“ನಾನು ಶಿಸ್ತಿನ ಪೇಷೆಂಟು!”

ಕನ್ನಡಕ ಹಾಕಿ ಅಳೆದರೆ ಸಂಕೇತ ಹೊತ್ತಿಗೆ ಸರಿಯಾಗಿ ಮುಟ್ಟಿತು. ಬೇರೆ ಪರೀಕ್ಷೆಗಳನ್ನೂ ನೋಡಿ, ಸದ್ಯ ಮಾತ್ರೆ ಸಾಕೆಂದರು. ತಲೆಯ ಅಂಟನ್ನೂ ಒರೆಸಿಕೊಳ್ಳದೆ ತಂಗಿ ಕಾರಿಡಾರಿನಲ್ಲಿ ಕುಣಿದಳು. ಜೊತೆಗೆ ನಾನೂ, ನನಗೆ ವಯಸ್ಸು ಐವತ್ತೆರಡು.

ಸೂಚನೆ ತೆಗೆಸಲು ತಮ್ಮ ಕಚೇರಿಗೆ ಹೋದೆ. ಗುಮಾಸ್ತರು, “ಸಾಹೇಬ್ರ ಸಹಿ ಇದೆ, ಕೀಳೋಕೆ ನಾವ್ಯಾರು ಸ್ವಾಮಿ?” ಎಂದರು. ಹೀಗಾಗಿ ಅದು ಇನ್ನೂ ಅಲ್ಲೇ ಇದೆ. ಅದು ಬಂದ ಮೇಲೆ ತಂಗಿಯನ್ನು ಬಿಟ್ಟು ಹನ್ನೊಂದು ಮಂದಿಗೆ ಪರೀಕ್ಷೆಯಾಗಿದೆಯಂತೆ. ಅವರಲ್ಲಿ ಕನ್ನಡಕದವರೆಷ್ಟು? ಯಾರ್ಯಾರಿಗೆ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ?

ಸಮಿತಿ ಬೇಡ, ಸಭೆ ಬೇಡ. ಇವತ್ತೇ ಹನ್ನೊಂದೂ ಮನೆಗೆ ಫೋನ್ ಮಾಡಿಸಿ. ಮರುಪರೀಕ್ಷೆಗೆ ಕನ್ನಡಕ ಹಾಕಿಕೊಂಡೇ ಬರಲು ಹೇಳಿ.

ಇಂತಿ,
ಗೋಡೆಯ ಮೇಲೆ ಬರೆದಿದ್ದನ್ನೆಲ್ಲ ಇಷ್ಟು ವರ್ಷ ಚಾಚೂ ತಪ್ಪದೆ ಪಾಲಿಸಿದ ಒಬ್ಬ ಪೆದ್ದ