ಆಚೆ ಕಂದಕದ ಲೂ

14 ನವೆಂಬರ್ 1987, ಕಾವ್‌ಶ್ಯುಂಗ್, ತೈವಾನ್
ಹಿಟ್ಟು ನಾದಿ, ಇನ್ನೂರು ಮಂಟೌ ಬನ್ನು ಹಬೆಗಿಟ್ಟೆ. ಹತ್ತರೊಳಗೆ ಖಾಲಿ. ಅಂಗಡಿ ತುಂಬ ಒಂದೇ ಮಾತು — ಹಳೇ ಸಿಪಾಯಿಗಳು ಇನ್ನು ಚೀನಾದ ತಮ್ಮ ಊರಿಗೆ ಹೋಗಿಬರಬಹುದಂತೆ.

ಯಿಂಗ್‌ತಾವ್ ಗೋಡೆಯ ಮೆಡಲ್ ಒರೆಸುತ್ತ, "ಇದನ್ನ ಕೊರಳಿಗೆ ಹಾಕ್ಕೊಂಡೇ ಹೋಗ್ರೀ. ಅಲ್ಲಿಯೋರು ಹಿಡಿದು ಒಳಗೆ ಹಾಕ್ಲಿ, ನನಗೂ ರೆಸ್ಟು" ಅಂದಳು. ನಗು ಬರಲಿಲ್ಲ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ... ಈವತ್ತು ಹೇಳಿಬಿಟ್ಟೆ.

ನಲವತ್ತೆಂಟರ ಚಳಿಗಾಲ, ಚೀನಾದ ಅಂತರ್ಯುದ್ಧ. ಶೂಝೌ ಹತ್ತಿರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದೆವು. ಕುದುರೆಗಳನ್ನೂ ತಿಂದು ಮುಗಿಸಿದ್ದೆವು. ಎಪ್ಪತ್ತು ಹೆಜ್ಜೆ ಆಚೆ ಕಮ್ಯುನಿಸ್ಟ್ ಸೇನೆಯ ಕಂದಕ. ಅಲ್ಲಿಂದ ಒಬ್ಬ ನಮ್ಮ ಲಿನ್‌ಚು ಸೀಮೆಯ ಮಾತಲ್ಲೇ ಕೂಗಿದ: "ಯಾವೂರಲೇ ನಿಂದು?" ಊರೂ ಹೇಳಿದೆ, ಯಿನ್ ಅಂತ ಹೆಸರೂ ಹೇಳಿದೆ. "ಅಯ್ಯೋ, ನಂದು ಪಕ್ಕದ ಹಳ್ಳಿ! ಲೂ ಬಾವ್‌ತಿಯೆನ್ ಅಂತ. ತಗೋ, ತಿನ್ನು." ಆರು ಮಂಟೌ ಎಸೆದ. ತಿಂದೆ. ಮಾರನೇ ಬೆಳಿಗ್ಗೆ ಅವರು ನುಗ್ಗಿದರು. ಮಷಿನ್‌ಗನ್ ಹಿಂದೆ ನಾನು. ನಮ್ಮ ಕಂದಕ ಉಳಿಯಿತು. ಆಮೇಲೆ ತಪ್ಪಿಸಿಕೊಂಡು ತೈವಾನ್ ಸೇರಿದಾಗ ಮೆಡಲ್ ಕೊಟ್ಟರು. ಅವತ್ತು ಬಿದ್ದವರಲ್ಲಿ ಲೂ ಇದ್ದನೋ ಏನೋ.

ಅವಳು ಬಟ್ಟೆ ಕೆಳಗಿಟ್ಟಳು. "ಕಾಗದ ಬರೀರಿ."

26 ನವೆಂಬರ್
ಬರೆದೆ. ನೇರ ಅಂಚೆ ಇಲ್ಲ, ಕಾಗದ ಹಾಂಗ್‌ಕಾಂಗ್ ದಾರಿಯಾಗಿ ಹೋಗಬೇಕು. ಹಳ್ಳಿಯ ಹೆಸರು, ಅವನ ಹೆಸರು — ವಿಳಾಸ ಅಂತ ಇರೋದು ಅಷ್ಟೇ.

9 ಮಾರ್ಚ್ 1988
ಇದ್ದಾನೆ! "ಯಿನ್ ತಮ್ಮನಿಗೆ — ಇದ್ದೀನಿ. ಬಾ." ಅಷ್ಟೇ ಬರೆದಿದ್ದಾನೆ. ಗಿರಾಕಿಗಳ ಎದುರೇ ಗಳಗಳ ಅತ್ತೆ. ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಅಂಚೆಯವನಿಗೇ ಮುಗಿದೆ. ಅವನು ಗಾಬರಿಯಾಗಿ ಸೈಕಲ್ ಹತ್ತಿದ.

5 ಏಪ್ರಿಲ್, ಲಿನ್‌ಚು, ಸಂಜೆ
ಬೆಳಿಗ್ಗೆ ಅಪ್ಪ ಅಮ್ಮನ ಸಮಾಧಿಯ ಹುಲ್ಲು ಕಿತ್ತು ಹೊಸ ಮಣ್ಣು ಹಾಕಿದೆ. ಮಧ್ಯಾಹ್ನ ಲೂ ಮನೆ. ಬಾಗಿಲಿಗೇ ಬಂದ. ಎಡಗಾಲು ಎಳೆಯುತ್ತಾನೆ.

"ಅಣ್ಣಾ... ಆ ಬೆಳಿಗ್ಗೆದೇನಾ?"

"ಹೂಂ, ಅವತ್ತಿಂದೇ."

ಅವನ ಕಾಲಿಗೆ ಬಿದ್ದೆ. ರಟ್ಟೆ ಹಿಡಿದು ಎತ್ತಿದ. "ಲೇ ತಮ್ಮಾ, ತಪ್ಪು ನಂದೇ ಕಣೋ. ಹಸಿದಿದ್ರೆ ನಿನ್ ಕೈ ನಡುಗಿ ಗುರಿ ತಪ್ಪಿರೋದು. ಮೂರೇ ಎಸೀಬೇಕಿತ್ತು!" ಅವನ ಹೆಂಡತಿ ನಗಲಿಲ್ಲ. ಆದರೆ ನನಗೊಂದು ಸ್ಟೂಲ್ ಎಳೆದಿಟ್ಟರು.

ಸಂಜೆ ಆಕೆ ಕಾಲು ತೊಳೆಯಲು ಬೋಗುಣಿಯಲ್ಲಿ ಬಿಸಿನೀರು ತಂದರು. ಆ ಎಡಗಾಲನ್ನು ನಾನೇ ತೊಳೆದೆ. ಮಂಡಿಯ ಕೆಳಗೆ ಗುಳಿ. ನನ್ನ ಹೆಬ್ಬೆರಳು ಅದರೊಳಗೆ ಕೂರುತ್ತದೆ. ಲೂ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಬದುಕಿದ್ದಾನಲ್ಲ... ಎಂಥ ಪುಣ್ಯ ನನ್ನದು.

ಕೂಗುತ್ತಿದ್ದಾನೆ. "ಅದೇನೋ ಗೀಚ್ತಿದ್ದೀಯ? ನೀರು ಆರೋಗ್ತದೆ. ನಿನ್ ಕಾಲೂ ಇದರಲ್ಲೇ ಇಡು ಬಾ." ಹೊರಟೆ. ಒಂದೇ ಬೋಗುಣಿ, ಇಬ್ಬರಿಗೂ—